ಎಲ್ಲರೂ ಮೈಸೂರಿಗೇ ಹೋಗುವ ಊರು

ಅರ್ಪಿತಳಿಗೆ ಕೆ.ಆರ್. ಪೇಟೆಯ ಮೇಲೆ ಸಿಟ್ಟಿದೆ. ಅದನ್ನು ಅವಳು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ, ಹಾಗಾಗಿ ಇಲ್ಲೂ ಮುಚ್ಚಿಡುವುದು ಬೇಡ. ನಮ್ಮೂರಿಗೆ ನೆಟ್ಟಗಿರುವ ಒಂದು ದೊಡ್ಡ ಅಂಗಡಿ ಯಾಕೆ ಬರುವುದಿಲ್ಲ, ಆರಿಸಿ ಬಂದವರು ಸರಿಯಿಲ್ಲ, ಅಧಿಕಾರಿಗಳು ಸರಿಯಿಲ್ಲ ಎಂದು ಟೀ ಅಂಗಡಿಯಲ್ಲಿ ಕೂತು ಬಾಯಿ ಬಡಿದುಕೊಳ್ಳುವ ಗಂಡಸರನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ. ಯಾಕೆ ಬರಲಿಲ್ಲ ಎಂಬುದು ಅವಳಿಗೆ ಗೊತ್ತು. ಬರುತ್ತಿದ್ದದ್ದನ್ನು ಓಡಿಸಿದವರು ಯಾರು ಎಂಬುದೂ ಗೊತ್ತು.

ಅವಳು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆ. ಬಿ.ಕಾಂ. ಮುಗಿಸಿದ ವರ್ಷವೇ ದಿಲೀಪನನ್ನು ಮದುವೆಯಾಗಿ ಕೆ.ಆರ್. ಪೇಟೆಗೆ ಬಂದಳು. ಗಂಡನ ಮನೆಯಲ್ಲಿ ನಾಲ್ಕು ಸೀಮೆಹಸು, ಎರಡು ಎಕರೆ ಗದ್ದೆ, ಅತ್ತೆ ಬೆಟ್ಟಮ್ಮ. ಸಗಣಿ ಬಾಚುವುದಕ್ಕೆ ಡಿಗ್ರಿ ಬೇಕಿರಲಿಲ್ಲ ಎಂದು ಮೊದಲ ವರ್ಷವೇ ಆಡಿ ತೋರಿಸಿ, ಮೈಸೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಹಿಡಿದಳು. ನಾಲ್ಕು ಮಹಡಿಯ ಅಂಗಡಿ. ಸೂಜಿಯಿಂದ ಸೋಫಾದವರೆಗೆ ಎಲ್ಲ ಒಂದೇ ಸೂರಿನಡಿ. ಅವಳದು ಎರಡನೇ ಮಹಡಿಯ ಸೀರೆ ವಿಭಾಗ. ಬೆಳಗ್ಗೆ ಆರೂವರೆಯ ಬಸ್ಸು, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮೈಸೂರು. ಸೀಟು ಸಿಕ್ಕಿದ ದಿನ ಹಬ್ಬ. ಅಂಗಡಿಯಲ್ಲಂತೂ ಕೂರುವ ಹಾಗೇ ಇಲ್ಲ. ಸಂಜೆ ಮತ್ತೆ ಅದೇ ದಾರಿ. ಆರು ವರ್ಷ ಹೀಗೇ ಕಳೆಯಿತು. ನಡುವೆ ಮಗಳು ಮೇಘನ ಹುಟ್ಟಿ, ಬೆಟ್ಟಮ್ಮನ ಸೊಂಟದ ಮೇಲೆ ಬೆಳೆದಳು.

ಅತ್ತೆಗೂ ಸೊಸೆಗೂ ಮೊದಲಿಂದಲೇ ಆಗಿಬರಲಿಲ್ಲ. ಹೋದ ವರ್ಷ ಗೌರಿ ಹಬ್ಬದ ದಿನವೂ ರಜೆ ಸಿಗದೆ ಅರ್ಪಿತ ಬಸ್ಸು ಹತ್ತಿದಾಗ ಬೆಟ್ಟಮ್ಮ ತೀರ್ಪು ಕೊಟ್ಟೇಬಿಟ್ಟಳು. ಊರಲ್ಲೇ ಕೆಲಸ ಸಿಕ್ಕರೆ ಮಾಡಲಿ, ಇಲ್ಲವಾದರೆ ಯುಗಾದಿಗೆ ಬಿಟ್ಟು ಮನೆಯಲ್ಲಿ ಬಿದ್ದಿರಲಿ. ದಿಲೀಪ ಕೆಟ್ಟವನಲ್ಲ, ಆದರೆ ಅವ್ವನ ಮುಂದೆ ಅವನ ನಾಲಿಗೆ ಬಿದ್ದುಹೋಗುತ್ತದೆ. ಆರು ವರ್ಷ ನಿಂತು ಸಂಪಾದಿಸಿದ ಕೆಲಸ, ಅವಳ ಹೆಸರಿಗೆಂದು ಇದ್ದ ಒಂದೇ ಒಂದು ವಸ್ತು, ಯುಗಾದಿಯ ಬೇವುಬೆಲ್ಲದ ಜೊತೆ ಮುಗಿಯುವುದರಲ್ಲಿತ್ತು.

ದೇವರು ಕಣ್ಣು ಬಿಟ್ಟನೇನೋ ಎಂಬಂತೆ ಕಾರ್ತಿಕದಲ್ಲಿ ಸುದ್ದಿ ಬಂತು. ಅಂಗಡಿಯ ಮ್ಯಾನೇಜರ್ ನಾಗೇಂದ್ರ ಅವಳನ್ನು ಕರೆದು, ಕಂಪನಿಯವರು ಸಣ್ಣ ಊರುಗಳಲ್ಲಿ ಶಾಖೆ ತೆರೆಯುವ ಯೋಚನೆಯಲ್ಲಿದ್ದಾರೆ, ಕೆ.ಆರ್. ಪೇಟೆಯ ಹೆಸರೂ ಪಟ್ಟಿಯಲ್ಲಿದೆ, ಸರ್ವೆಗೆ ಒಬ್ಬ ಹುಡುಗಿ ಬರುತ್ತಾಳೆ, ಶಾಖೆ ಆದರೆ ಸೂಪರ್‌ವೈಸರ್ ನೀನೇ ಎಂದ. ಆ ದಿನ ಬಸ್ಸಿನಲ್ಲಿ ನಿಂತು ಬಂದದ್ದೇ ಅವಳಿಗೆ ತಿಳಿಯಲಿಲ್ಲ.

ಆದರೆ ಅವಳಿಗೆ ತನ್ನ ಜನ ಗೊತ್ತು. ಕೈಯಲ್ಲಿ ಕಾಗದ ಹಿಡಿದವರು ಬೀದಿಗೆ ಕಾಲಿಟ್ಟರೆ ಸಾಕು, ಇಡೀ ಬೀದಿ ಅರೆಗಳಿಗೆಯಲ್ಲಿ ಬಡವಾಗುತ್ತದೆ. ಎಲ್ಲಿ ರೇಷನ್ ಕಾರ್ಡು ಕಿತ್ತುಕೊಂಡಾರೋ ಎಂಬ ಭಯ. ಬೈಕು ಹಿಂದಿನ ಕೊಟ್ಟಿಗೆ ಸೇರುತ್ತದೆ, ಫ್ರಿಡ್ಜಿನ ಮೇಲೆ ಹಳೇ ಕಂಬಳಿ ಬೀಳುತ್ತದೆ, ಕುತ್ತಿಗೆಯ ಸರ ಸೆರಗಿನೊಳಗೆ ಅಡಗುತ್ತದೆ. ಪಕ್ಕದ ಮನೆಯ ಬೈರಮ್ಮ ತನ್ನ ಸ್ವಂತ ಮಹಡಿ ಮನೆಯ ಬಾಗಿಲಲ್ಲೇ ನಿಂತು, ನಾವಿಲ್ಲಿ ಬಾಡಿಗೆಗೆ ಇದ್ದೀವಿ ಸ್ವಾಮಿ ಎಂದು ಕಣ್ಣಲ್ಲಿ ನೀರು ತಂದುಕೊಂಡವಳು. ಈ ಊರಿನವರು ಬಟ್ಟೆಗೆ ಗತಿಯಿಲ್ಲದವರು ಎಂದು ಸರ್ವೆಯ ಹುಡುಗಿ ಬರೆದುಕೊಂಡು ಹೋದರೆ ಎಲ್ಲ ಮಣ್ಣುಪಾಲು. ಅದಕ್ಕೇ ಅರ್ಪಿತ ತನ್ನ ವಾರದ ರಜೆಗಳನ್ನೆಲ್ಲ ಸುರಿದು ಮನೆಮನೆ ತಿರುಗಿದಳು.

"ಇವ್ರು ಗೌರ್ಮೆಂಟ್ನೋರಲ್ಲ. ಬಡ್ತನ ತೋರುಸ್ಬ್ಯಾಡಿ," ಎಂದು ಒಬ್ಬೊಬ್ಬರಿಗೂ ಹೇಳಿದಳು. "ಒಳ್ಳೊಳ್ಳೆ ಬಟ್ಟೆ ತಗೋತೀವಿ ಅಂತ ಧೈರ್ಯವಾಗ್ ಏಳಿ."

ಪ್ರಜ್ಞ ಎಂಬ ಆ ಹುಡುಗಿ ಮೂರು ದಿನ ಟ್ಯಾಬು ಹಿಡಿದು ಬೀದಿಬೀದಿ ಸುತ್ತಿದಳು. ಅಂಗಡಿಯ ನೌಕರರು ಜೊತೆಗಿರಬಾರದು ಎಂಬ ನಿಯಮವಿದ್ದುದರಿಂದ ಅರ್ಪಿತ ಮೈಸೂರಿನಲ್ಲಿ ಸೀರೆ ಮಡಚುತ್ತಿದ್ದಳು. ಸಂಜೆ ಬಂದು ವಿಚಾರಿಸಿದರೆ ಬೀದಿಯವರ ಮುಖದಲ್ಲೆಲ್ಲ ಗೆದ್ದು ಬಂದ ಕಳೆ. ಊರ ಮರ್ಯಾದೆ ಉಳಿಸಿದ್ದೇವೆ, ಒಬ್ಬರೂ ಕೈ ಚಾಚಲಿಲ್ಲ ಎಂದು ಬೈರಮ್ಮ ಭರವಸೆ ಕೊಟ್ಟಳು. ಅರ್ಪಿತಳ ಎದೆ ಹಗುರಾಯಿತು. ಬೆಟ್ಟಮ್ಮ ಏನು ಹೇಳಿದಳೆಂದು ಕೇಳುವ ಗೋಜಿಗೆ ಅವಳು ಹೋಗಲಿಲ್ಲ.

ಸಂಕ್ರಾಂತಿ ಕಳೆದು ವಾರಕ್ಕೆ ನಾಗೇಂದ್ರ ವರದಿಯನ್ನು ಅವಳ ಮುಂದಿಟ್ಟ. ಶಾಖೆ ಇಲ್ಲ. ಹತ್ತು ಮನೆಗೆ ಒಂಬತ್ತು ಮನೆಯವರು ಒಂದೇ ಪಾಠ ಒಪ್ಪಿಸಿದ್ದರು: ನಮ್ಮ ಬಟ್ಟೆಬರೆಯೆಲ್ಲ ಮೈಸೂರಿನಿಂದಲೇ, ತಿಂಗಳು ತಿಂಗಳೂ ಹೋಗುತ್ತೇವೆ, ಊರಿನ ಅಂಗಡಿಗೆ ಕಾಲಿಡುವುದಿಲ್ಲ. ಕೆ.ಆರ್. ಪೇಟೆಯಲ್ಲಿ ಕೊಂಡದ್ದು ಎಂದರೆ ಎಲ್ಲಿ ಕೀಳಾಗುತ್ತೇವೋ ಎಂದು ಸಂತೆಯ ಲುಂಗಿ ಉಟ್ಟುಕೊಂಡೇ ಹಾಗೆ ಹೇಳಿದ್ದರು. ಹೋದ ಮನೆಗಳಲ್ಲೆಲ್ಲ ನಮ್ಮ ಅಂಗಡಿಯ ಕವರು ನೋಡಿದೆ ಎಂದು ಪ್ರಜ್ಞ ಕೆಳಗೆ ಷರಾ ಬರೆದಿದ್ದಳು. ಆರು ವರ್ಷದಿಂದ ಆ ಖಾಲಿ ಕವರುಗಳನ್ನು ತಂದು ಹಂಚಿದವಳು ಅರ್ಪಿತಳೇ. ಸಂತೆಯ ಸೀರೆಯನ್ನು ಮೈಸೂರಿನ ಕವರಿಗೆ ತುರುಕಿ ಮದುವೆ ಮನೆಯಲ್ಲಿ ಮುಯ್ಯಿ ಕೊಡುವುದು ಆ ಬೀದಿಯ ರೂಢಿ. ಪೇಟೆಬೀದಿಯ ಜವಳಿ ವ್ಯಾಪಾರಿ ಶಿವಶಂಕರ್ ಕೂಡ, ಜನರೆಲ್ಲ ಮೈಸೂರು ಪಾಲಾಗಿ ನಾನು ನೊಣ ಹೊಡೆಯುತ್ತಿದ್ದೇನೆ ಎಂದು ಬರೆಸಿದ್ದ. ಪೈಪೋಟಿಗೆ ಇನ್ನೊಂದು ಅಂಗಡಿ ಬಾರದಿರಲೆಂದು ಅವನೊಬ್ಬ ಲಾಭಕ್ಕೆ ಸುಳ್ಳು ಹೇಳಿದ್ದ, ಉಳಿದವರೆಲ್ಲ ಪುಕ್ಕಟೆ ಹೇಳಿದ್ದರು.

"ಅವರೆಲ್ಲ ಹೇಗೂ ಇಲ್ಲಿಗೇ ಬರ್ತಾರಲ್ಲಮ್ಮ," ಎಂದ ನಾಗೇಂದ್ರ. "ಹೆಂಗಸರಿಗೆ ಬಸ್ಸೂ ಫ್ರೀ. ಅಲ್ಲೊಂದು ಅಂಗಡಿ ತೆಗೆದರೆ ನಮ್ಮ ಗಿರಾಕಿಗಳನ್ನ ನಾವೇ ಕದ್ದ ಹಾಗೆ."

ಅದೆಲ್ಲ ಸುಳ್ಳು ಸಾರ್, ಅವರು ವರ್ಷಕ್ಕೊಮ್ಮೆಯೂ ಈ ಕಡೆ ತಲೆ ಹಾಕುವುದಿಲ್ಲ ಎಂದಳು ಅರ್ಪಿತ. ಹಾಗಾದರೆ ಕೊಳ್ಳುವ ಜನವೇ ಅಲ್ಲ ಎಂದಾಯಿತು, ಅಂಥವರಿಗೆ ಅಂಗಡಿ ಯಾಕೆ ಎಂದು ಅವನು ಕಾಗದ ಎತ್ತಿಟ್ಟ. ಈ ಕಡೆಯಿಂದ ಹೋದರೂ ಗೋಡೆ, ಆ ಕಡೆಯಿಂದ ಹೋದರೂ ಗೋಡೆ. ಶಾಖೆ ಮೈಸೂರಿನಿಂದ ದೂರದ ಇನ್ಯಾವುದೋ ತಾಲ್ಲೂಕಿಗೆ ಹೋಯಿತು.

ಆ ವರದಿಯಲ್ಲಿ ಅವಳ ಮನೆಯೂ ಇತ್ತು. ಬೆಟ್ಟಮ್ಮ ಎಲ್ಲರಿಗಿಂತ ಒಂದು ಕೈ ಮೇಲೆ ಹೋಗಿ, ತಿಂಗಳಿಗೆ ಎರಡು ಸಲ ಎಂದು ಬರೆಸಿದ್ದಳು. ಜೀವಮಾನದಲ್ಲಿ ಅವಳು ಮೈಸೂರು ನೋಡಿದ್ದೇ ಎರಡು ಸಲ. ಒಮ್ಮೆ ಚಾಮುಂಡಿ ಬೆಟ್ಟಕ್ಕೆ, ಒಮ್ಮೆ ಗಂಡನನ್ನು ಆಸ್ಪತ್ರೆಗೆ ಸೇರಿಸಲು, ಎರಡು ಸಲವೂ ಬೇರೆಯವರ ಕಾರಿನಲ್ಲಿ.

ಮನೆಗೆ ಬಂದಾಗ ಬೆಟ್ಟಮ್ಮ ಹಸುವಿಗೆ ಮೇವು ಕತ್ತರಿಸುತ್ತಿದ್ದಳು. ಅರ್ಪಿತ ಬ್ಯಾಗನ್ನೂ ಇಳಿಸದೆ ಅವಳ ಮುಂದೆ ನಿಂತು ಕೇಳಿದಳು. "ತಿಂಗ್ಳಿಗೆ ಎಲ್ಡು ಸಲ ಮೈಸೂರ್ಗೆ ಓಗಿದ್ ಯಾವಾಗ ಅತ್ತೆಮ್ಮ?"

ಬೆಟ್ಟಮ್ಮ ಕತ್ತಿ ನಿಲ್ಲಿಸಲಿಲ್ಲ. "ಬಡ್ತನ ತೋರುಸ್ಬ್ಯಾಡಿ ಅಂದೋಳು ನೀನೇ ಅಲ್ವಾ? ಸಂತೇಲಿ ತಗೋತೀನಿ ಅಂದಿದ್ರೆ ನಿನ್ ಮಕ ಎಲ್ಲಿ ಮಡಿಕತಿದ್ದೆ?"

ಅರ್ಪಿತ ಬ್ಯಾಗನ್ನು ನೆಲಕ್ಕೆ ಕುಕ್ಕಿದಳು. ಆ ಮಾತು ತನ್ನದೇ ಎಂಬುದಕ್ಕೆ ಸಿಟ್ಟು ಎರಡರಷ್ಟಾಯಿತು. ಯುಗಾದಿಗೆ ಇನ್ನೆಷ್ಟು ದಿನ ಎಂದು ಬೆಟ್ಟಮ್ಮ ಮೇವು ಕತ್ತರಿಸುತ್ತಲೇ ನೆನಪಿಸಿದಳು.

ಯುಗಾದಿಗೆ ಅರ್ಪಿತ ಬಿಟ್ಟದ್ದು ಕೆಲಸವನ್ನಲ್ಲ, ಮನೆಯನ್ನು. ಮೈಸೂರಿನಲ್ಲಿ ಅಂಗಡಿಗೆ ಹತ್ತು ನಿಮಿಷದ ದೂರದಲ್ಲಿ ಒಂದು ಕೋಣೆ ಹಿಡಿದಳು. ಮೇಘನಳಿಗೆ ಅಲ್ಲೇ ಶಾಲೆ ಗೊತ್ತುಮಾಡಿದಳು. ದಿಲೀಪ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ, ಟ್ರಂಕು ಹೊತ್ತ. ಹೊರಡುವಾಗ ಬೈರಮ್ಮನೂ ಬೀದಿಯ ನಾಲ್ಕು ಜನವೂ ಬಾಗಿಲಲ್ಲಿದ್ದರು. ಎಲ್ಲರಿಗೂ ಕೇಳುವಂತೆ ಅರ್ಪಿತ ಅತ್ತೆಗೆ ಹೇಳಿದಳು.

"ತಿಂಗ್ಳಿಗೆ ಎಲ್ಡು ಸಲ ಓಗ್ತೀನಿ ಅಂತ ಬರ್ಸಿದೀರಲ್ಲ, ಬನ್ನಿ. ಮೊಮ್ಮಗಳ್ನೂ ನೋಡ್ಕಂಡ್ ಓಗ್ಬೋದು."

"ಬತ್ತೀನಿ ಬುಡು," ಎಂದಳು ಬೆಟ್ಟಮ್ಮ. "ನಂಗೇನ್ ದಾರಿ ಗೊತ್ತಿಲ್ವಾ?"

ದಿಲೀಪ ವಾರಕ್ಕೊಮ್ಮೆ ಹಾಲು, ತರಕಾರಿ ಹೊತ್ತು ಮೈಸೂರಿಗೆ ಬಂದು ಹೋಗುತ್ತಾನೆ. ಅವ್ವನನ್ನು ಕರೆದರೆ, ನನಗೇನು ಜೊತೆ ಬೇಕಾಗಿಲ್ಲ, ಒಬ್ಬಳೇ ಹೋಗಬಲ್ಲೆ ಎನ್ನುತ್ತಾಳಂತೆ. ಎಷ್ಟೋ ದಿನ ಬೆಳಗ್ಗೆ ಚೀಲದಲ್ಲಿ ನಿಪ್ಪಟ್ಟು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ಕೇಳಿದರೆ ಊರಿಗೆ ಗೊತ್ತಾಗಿಬಿಡುತ್ತದೆ. ಎರಡು ಮೂರು ಮೈಸೂರು ಬಸ್ಸು ಹೊರಡುವುದನ್ನು ನೋಡುತ್ತ ನಿಂತು, ಇವತ್ತು ಜನ ಜಾಸ್ತಿ ಎಂದು ಮನೆಗೆ ಮರಳುತ್ತಾಳೆ. ಒಂದು ವಾರ ಹಾಲಿನ ಕ್ಯಾನು ಇಳಿಸುತ್ತ ದಿಲೀಪ ಇದನ್ನೆಲ್ಲ ಹೇಳಿದ.

ಅರ್ಪಿತ ಮಗಳ ಜಡೆ ಹೆಣೆಯುತ್ತಿದ್ದಳು. "ದಾರಿ ಗೊತ್ತಿಲ್ಲ ಅಂತ ಒಂದ್ ಮಾತ್ ಅನ್ಲಿ," ಎಂದಳು. "ನಾನೇ ಬಂದ್ ಕರ್ಕೊಂಡ್ ಬತ್ತೀನಿ."

ದಿಲೀಪ ಆ ಮಾತನ್ನು ಊರಿಗೆ ಮುಟ್ಟಿಸಿದ. ಏಳು ತಿಂಗಳಾಯಿತು, ಬೆಟ್ಟಮ್ಮ ಹಾಗೆ ಅಂದಿಲ್ಲ. ಜನರ ಬಾಯಲ್ಲಿ ಆ ಸುಳ್ಳು ತುರುಕಿದವಳು ನಾನೇ ಎಂದು ಅರ್ಪಿತಳೂ ಅಂದಿಲ್ಲ.