ಸೊಳೆ ನೀರು ಕುಡಿದ ಹುಲ್ಲಿನ ಬೀಜ

ಕುಂಬ್ರದಲ್ಲಿ ಮನೆಗೆ ತಾಗಿಯೇ ನನ್ನದೊಂದು ಸಣ್ಣ ನರ್ಸರಿ. ಕಸಿ ಗಿಡಗಳ ಜೊತೆಗೆ ಅಂಗಳಕ್ಕೆ ಬಿತ್ತುವ ಲಾನ್ ಹುಲ್ಲಿನ ಬೀಜವನ್ನೂ ಮಾರುತ್ತೇನೆ. ಕಡಲ ಬದಿಯಲ್ಲಿ ಮನೆ ಕಟ್ಟಿದ ನಿವೃತ್ತ ಮೇಷ್ಟ್ರೊಬ್ಬರ ಅಂಗಳಕ್ಕೆ ಒಂದು ಬೇಸಿಗೆಯಲ್ಲಿ ಬಿತ್ತಿಕೊಟ್ಟೆ. ಒಂದೂ ಮೊಳೆಯಲಿಲ್ಲ. ಅವರ ಬಾವಿ ನೀರು ಉಪ್ಪು. ಮಂಡಿಯ ಆಪರೇಷನ್ ಆದ ಹೆಂಡತಿ ಬರಿಗಾಲಲ್ಲಿ ನಡೆದು ಅಭ್ಯಾಸ ಮಾಡಲಿ ಎಂದು ಅವರು ಹುಲ್ಲು ಕೇಳಿದ್ದರು. ಮೇಷ್ಟ್ರು ಬೈಯಲಿಲ್ಲ, “ಇನ್ನೊಂದು ಸಲ ನೋಡುವ” ಎಂದರು. ಬೈದಿದ್ದರೇ ವಾಸಿ. ಎರಡನೆಯ ಸಲವೂ ಕೈಕೊಟ್ಟರೆ ಆ ಹೆಂಗಸಿನ ಮುಖ ನೋಡುವುದು ಹೇಗೆ?

ಮರುವರ್ಷ ಬಿತ್ತುವ ಮೊದಲೇ ಪರೀಕ್ಷೆಗೆ ಕೂತೆ. ನಾಲ್ಕು ತಳಿಯ ಬೀಜ ತಂದು, ನರ್ಸರಿಯ ಸೂರಿನಡಿ ಅಡಿಕೆ ಹಾಳೆಯ ತಟ್ಟೆಗಳಲ್ಲಿ ಒದ್ದೆ ಬಟ್ಟೆ ಹಾಸಿ ಹರಡಿದೆ. ಒಂದು ಸಾಲಿಗೆ ನಮ್ಮ ಸಿಹಿನೀರು, ಇನ್ನೊಂದಕ್ಕೆ ಮೇಷ್ಟ್ರ ಬಾವಿಯಿಂದ ಕ್ಯಾನಿನಲ್ಲಿ ತಂದ ನೀರು.

ಹತ್ತು ದಿನವಾದರೂ ಸಿಹಿನೀರಿನ ಸಾಲಿನಲ್ಲೇ ಮೊಳಕೆ ಇಲ್ಲ. ಬೀಜದ ಅಂಗಡಿಯವನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ಅತ್ತೆ ಪಾತ್ರೆ ಹಿಡಿದು ಬಂದು, ಅಡಿಗೆಮನೆಗೆ ಹತ್ತಿರವಿದ್ದ ಆ ಸಾಲಿಗೇ ನೀರು ಚಿಮುಕಿಸತೊಡಗಿದರು. ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯನ್ನು ಪಲ್ಯಕ್ಕೆಂದು ನೆನೆಸಿ ಹಿಂಡಿದ ನೀರು!

“ಇದು ಎಷ್ಟನೇ ಸಲ?”

“ಮೂರನೇದ್ದು. ದಂಡ ಮಾಡುದು ಯಾಕೆ? ತೆಂಗಿಗೆ ಹಾಕುದಿಲ್ವಾ ನಾವು?”

ನಿಜ, ನಮ್ಮಲ್ಲಿ ಸೊಳೆ ನೀರು ಯಾವತ್ತೂ ತೆಂಗಿನ ಬುಡಕ್ಕೇ. ಆದರೂ ನನ್ನ ಸಿಟ್ಟು ನೆತ್ತಿಗೇರಿತು. “ಗೊತ್ತಿಲ್ಲದಿದ್ರೆ ಮುಟ್ಲಿಕ್ಕೆ ಬರ್ಬೇಡಿ” ಎಂದು ಕಿರುಚಿದೆ. ಗೇಟಿನಲ್ಲಿ ಮೂವರು ಗಿರಾಕಿಗಳಿದ್ದರು. ಅತ್ತೆ ಪಾತ್ರೆ ತೆಗೆದುಕೊಂಡು ಒಳಗೆ ಹೋದರು. ಮನೆಯೊಳಗೆ ಮಾತುಕತೆ ಎಂದಿನಂತೆ ನಡೆಯಿತು, ನರ್ಸರಿಗೆ ಮಾತ್ರ ಅವರು ಆಮೇಲೆ ಕಾಲಿಡಲಿಲ್ಲ.

ಪರೀಕ್ಷೆ ಕೆಟ್ಟಿತೆಂದು ತಟ್ಟೆಗಳನ್ನೆಲ್ಲ ಅಂಗಳದ ಅಂಚಿಗೆ ದೂಡಿದೆ. ಮರುದಿನದಿಂದ ಎರಡು ದಿನ ಬೇಸಿಗೆ ಮಳೆ ಹೊಯ್ಯಿತು. ವಾರ ಕಳೆದು ಗುಡಿಸಲು ಹೋದರೆ, ಎರಡೂ ಸಾಲುಗಳಲ್ಲಿ ಎರಡು ತಳಿ ಹಸಿರು ತಲೆ ಎತ್ತಿದ್ದವು. ಮೂರನೆಯದು ಅಲ್ಲೊಂದು ಇಲ್ಲೊಂದು, ನಾಲ್ಕನೆಯದು ಕೊಳೆತಿತ್ತು. ಬೀಜ ಸತ್ತಿರಲಿಲ್ಲ, ಉಪ್ಪು ತೊಳೆದುಹೋಗಲಿ ಎಂದು ಕಾದಿತ್ತು. ಅತ್ತೆಯ ಮೇಲೆ ಕಿರುಚದಿದ್ದರೆ ತಟ್ಟೆಗಳು ಮಳೆಗೆ ಬೀಳುತ್ತಲೂ ಇರಲಿಲ್ಲ. ಬೇರು ಇಳಿದ ಮೇಲೆ ಎರಡಕ್ಕೂ ಮೇಷ್ಟ್ರ ಬಾವಿ ನೀರು ಹಾಕಿದೆ. ಒಂದು ಹಳದಿಯಾಯಿತು, ಒಂದು ನಿಂತಿತು. ನಿಂತದ್ದನ್ನೇ ಮಳೆಗಾಲ ಹಿಡಿದ ಕೂಡಲೇ ಕಡಲ ಬದಿಯಲ್ಲಿ ಬಿತ್ತಿದೆ.

ಮುಂದಿನ ಬೇಸಿಗೆಯಲ್ಲಿ ಮೇಷ್ಟ್ರು ಹೆಂಡತಿಯೊಡನೆ ನರ್ಸರಿಗೆ ಬಂದರು. ಆ ತಾಯಿ ಗೇಟಿನಿಂದ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದರು.

“ಹುಲ್ಲು ಈಗಲೂ ಹಸಿರುಂಟು ಮಾರಾಯ್ರೆ. ಮಳೆಗೆ ಬಿತ್ತುವ ಉಪಾಯ ಎಲ್ಲಿ ಕಲಿತದ್ದು ನೀವು?” ಎಂದರು ಮೇಷ್ಟ್ರು.

ಸುತ್ತ ಗಿರಾಕಿಗಳಿದ್ದರು. ಒಂದು ವರ್ಷದಿಂದ ತಪ್ಪಾಯಿತು ಎನ್ನಲು ನಾಲಗೆ ಏಳದ ನಾನು, ಅಡಿಗೆಮನೆಗೆ ಕೇಳುವಷ್ಟು ಜೋರಾಗಿ ಹೇಳಿದೆ: “ನಮ್ಮ ಅತ್ತೆಯಿಂದ.”

ಸ್ವಲ್ಪ ಹೊತ್ತಿನಲ್ಲಿ ಅತ್ತೆ ಪುನರ್ಪುಳಿ ಶರಬತ್ತು ತಂದರು, ನರ್ಸರಿಯೊಳಗೇ. ಮೂರು ಲೋಟ. ಮೂರನೆಯದನ್ನು ನನ್ನ ಕೈಗಿತ್ತರು.

“ಕುಡಿ, ಸೊಳೆ ನೀರಲ್ಲ.”