ನಾಗಭೂಷಣ್ ಮತ್ತು ಒದ್ದೆ ಮಣ್ಣು

ಸೈಕಲ್ ತುಳಿಯಲು ಬಾರದ ಮನುಷ್ಯನೊಬ್ಬ ಪರರ ಸೈಕಲ್ ಜಾಡನ್ನು ಹನ್ನೊಂದು ಮಳೆಗಾಲ ಏಕೆ ಕಾಯ್ದ? ಈ ಪ್ರಶ್ನೆಗೆ ಉತ್ತರ ಹುಡುಕಿದರೂ ಸಿಕ್ಕಿಲ್ಲ. ಮುಂದೆ ಓದಿದರೂ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ನ್ಯಾಯ. ನಾಗಭೂಷಣ್ ಅವರನ್ನೇ ಕೇಳಿದವರಿದ್ದಾರೆ. ಒಬ್ಬರಿಗೆ "ಡಾಕ್ಟರು ನಡೀರಿ ಅಂದಿದಾರೆ" ಎಂದರು. ಇನ್ನೊಬ್ಬರಿಗೆ "ಮನೇಲಿ ಟೀವಿ ಸದ್ದು ಜಾಸ್ತಿ" ಎಂದರು. ವಚನಾ ಕೇಳಿದಾಗ "ನಿನಗೆ ಬೇರೆ ಕೆಲಸ ಇಲ್ವೇನಮ್ಮ" ಎಂದರು. ಮೂರೂ ನಿಜವಿರಬಹುದು, ಯಾವುದೂ ಕಾರಣವಲ್ಲ.

ವಚನಾ ವಿಜಯನಗರದಲ್ಲಿ ಹಲ್ಲಿನ ಡಾಕ್ಟರು. ಕೆಂಗೇರಿಯಾಚೆಯ ಕರಿಕಲ್ಲು ಗುಡ್ಡದಲ್ಲಿ ಭಾನುವಾರ ದಪ್ಪ ಟೈರಿನ ಸೈಕಲ್ ಓಡಿಸುವ ಎಂಬತ್ತು ಜನರ ವಾಟ್ಸಾಪ್ ಗುಂಪನ್ನು ಸಂಭಾಳಿಸುವ ಪೀಡೆಯೂ ಅವಳದೇ. ಗುಡ್ಡ ಸರ್ಕಾರದ್ದು; ಅದರ ಉಸ್ತುವಾರಿ ಹೊತ್ತ ಕಚೇರಿ ಸವಾರರಿಗೆ ಬಾಯಿಮಾತಿನ ಅನುಮತಿಯನ್ನಷ್ಟೇ ಕೊಟ್ಟಿತ್ತು. ಬಂಡೆ, ಲಂಟಾನದ ಪೊದೆ, ಕೆಮ್ಮಣ್ಣುಗಳ ನಡುವೆ ಇಳಿಯುವ ಮೂರು ಕಿಲೋಮೀಟರ್ ಜಾಡು ಅದು. ಜಾಡು ಕೊಚ್ಚಿಹೋಗಿ ಕೆಳಗಿನ ದೊಡ್ಡಣ್ಣನ ಸೇವಂತಿಗೆ ತೋಟಕ್ಕೆ ಮಣ್ಣು ಬಿದ್ದರೆ ಅನುಮತಿ ಹೋಗಿ ಬೇಲಿ ಬರುತ್ತದೆ ಎಂದು ಗುಡ್ಡದ ಕಾವಲುಗಾರ ಎರಡು ಸಲ ಎಚ್ಚರಿಸಿದ್ದ. ವಾರದ ಆರು ದಿನ ಬೇರೆಯವರ ಬಾಯೊಳಗೆ ಬಗ್ಗಿ ನೋಡುವ ವಚನಾಗೆ, ಆ ಮೂರು ಕಿಲೋಮೀಟರ್ ಕೈತಪ್ಪಿದರೆ ಏಳನೆಯ ದಿನವೇ ಇಲ್ಲವಾಗುತ್ತಿತ್ತು.

ನಾಗಭೂಷಣ್ ಹರಿಹರದ ಕಡೆಯವರು. ರಾಜಾಜಿನಗರದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತಮೂರು ವರ್ಷ ಸಹಾಯಕರಾಗಿದ್ದು, ಸ್ಟಾಪ್‌ವಾಚು ಹಂಚಿ, ವಿದ್ಯಾರ್ಥಿಗಳು ಲೋಲಕವನ್ನು ಮುಟ್ಟದೆಯೇ ಬರೆದುಕೊಟ್ಟ ಅಳತೆಗಳನ್ನು ನೋಡಿ ನೋಡಿ, ಮನುಷ್ಯರ ಮೇಲಿನ ನಂಬಿಕೆಯನ್ನು ತುಸು ಕಳೆದುಕೊಂಡೇ ನಿವೃತ್ತರಾದವರು. ಬಸವೇಶ್ವರನಗರದ ಮನೆಯಿಂದ ಎರಡು ಬಸ್ಸು ಬದಲಿಸಿ ಬಂದು, ದೊಡ್ಡಣ್ಣನ ಪಂಪ್‌ಹೌಸಿನಲ್ಲಿ ಇಟ್ಟಿದ್ದ ಗುದ್ದಲಿ, ಹಾರೆ, ಬಾಂಡ್ಲಿ ಹೊತ್ತು ಗುಡ್ಡ ಹತ್ತುತ್ತಿದ್ದರು. ಜಾಡಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಗೇಣಗಲದ ಕಾಲುವೆ ಕಡಿಯುವುದು ಅವರ ಕೆಲಸ. ಮೇಲಿನಿಂದ ಬರುವ ನೀರು ಜಾಡನ್ನೇ ಹಿಡಿದು ಓಡದೆ ಪಕ್ಕದ ಹುಲ್ಲಿಗೆ ಇಳಿದುಹೋಗಬೇಕು, ಅಷ್ಟೇ ವಿದ್ಯೆ. ಮಳೆಯಾದ ಮರುಬೆಳಿಗ್ಗೆ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮುವರು. ಅದು ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿದರೂ ಬಿರಿಯದಿದ್ದರೆ ಗುಂಪಿಗೆ ಸಂದೇಶ ಹೋಗುತ್ತಿತ್ತು: "ಮಣ್ಣು ಒದ್ದೆ. ಇವತ್ತು ಬೇಡ."

ಅದಕ್ಕೆ ಮೂವತ್ತು ಜನ ಕೈಮುಗಿದ ಚಿತ್ರ ಕಳಿಸುತ್ತಿದ್ದರು. ಅರ್ಧ ಗಂಟೆಯಲ್ಲಿ ಅದೇ ಮೂವತ್ತು ಜನ ಸೈಕಲ್ ಸಮೇತ ಬಂದು ನಿಲ್ಲುತ್ತಿದ್ದರು.

"ಸಾರ್, ಒಂದೇ ಒಂದು ರೌಂಡು."

"ಮೂವತ್ತು ಜನ ಒಂದೊಂದು ರೌಂಡು ಅಂದ್ರೆ ಎಷ್ಟಪ್ಪಾ? ಅದಕ್ಕೂ ಕ್ಯಾಲ್ಕ್ಯುಲೇಟರ್ ಬೇಕಾ?"

ಒದ್ದೆ ಮಣ್ಣಿನಲ್ಲಿ ಒಂದು ಟೈರು ಬಿಟ್ಟುಹೋದ ಗೀರು ಮುಂದಿನ ಮಳೆಗೆ ಕಾಲುವೆ, ಅದರ ಮುಂದಿನದಕ್ಕೆ ಕೊರಕಲು. ಇದು ವಚನಾಗೂ ಗೊತ್ತಿತ್ತು. ಮಾತು ಕೇಳದ ಸವಾರರ ಮೇಲೆ ಅವಳಿಗೆ ರೇಗುತ್ತಿತ್ತು. ಯಾರೂ ಕೇಳುವುದಿಲ್ಲವೆಂದು ತಿಳಿದೂ ವಾರವಾರವೂ ಅದೇ ನಾಲ್ಕು ಪದ ಒತ್ತಿ ಕಳಿಸುವ ಹಿರಿಯರ ಮೇಲೆ ಇನ್ನೂ ಹೆಚ್ಚು ರೇಗುತ್ತಿತ್ತು.

ಹನ್ನೊಂದನೆಯ ಮಳೆಗಾಲದ ಜುಲೈನಲ್ಲಿ ಮೋಹನ್ ಕುಮಾರ್ ಉಪಕಾರ ಮಾಡಿದ. ಹೇರೋಹಳ್ಳಿಯ ಹಳೆಯ ಮನೆತನದವನು, ಗುಂಪಿನಲ್ಲಿ ಅವನಷ್ಟು ಧಾರಾಳಿ ಇನ್ನೊಬ್ಬನಿಲ್ಲ. ತನ್ನ ಹಳೆಯ ಮನೆ ಕೆಡವಿಸಿದ್ದ. ಅದರ ಇಟ್ಟಿಗೆಚೂರು, ಮೊಸಾಯಿಕ್ ತುಂಡು, ಅರ್ಧ ಒಡೆದ ವಾಷ್‌ಬೇಸಿನ್ನು ಎಲ್ಲವನ್ನೂ ಎರಡು ಟ್ರ್ಯಾಕ್ಟರ್ ತುಂಬಿಸಿ, ಶನಿವಾರ ಕೂಲಿಯವರನ್ನು ಹಚ್ಚಿ ಜಾಡಿಗೆ ಹರಡಿಸಿದ. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದ.

"ನೋಡಿ ಡಾಕ್ಟ್ರೇ, ಎಲ್ಲ ಗುಂಡೀನೂ ಪ್ಯಾಕ್ ಮಾಡ್ಸಿದೀನಿ. ಇನ್ನು ಹೈವೇ ಇದ್ದಂಗೆ."

ನಾಗಭೂಷಣ್ ಉದ್ದಕ್ಕೂ ನಡೆದು ನೋಡಿಕೊಂಡು ಬಂದರು. ಕೆಸರುಗುಂಡಿಗಳ ಜೊತೆಗೆ ಅವರು ಕಡಿದಿದ್ದ ಒಂಬತ್ತು ಕಾಲುವೆಗಳೂ ಮುಚ್ಚಿಹೋಗಿದ್ದವು.

"ಮೋಹನ್, ಅವು ಗುಂಡಿ ಅಲ್ಲಪ್ಪ. ನೀರು ಆಚೆ ಹೋಗ್ಲಿ ಅಂತ ನಾನೇ ತೋಡಿದ್ದು."

"ಅಯ್ಯೋ, ಗೊತ್ತಾಗ್ಲಿಲ್ಲ ಸಾರ್. ನಮ್ಮ ಹೇರೋಹಳ್ಳೀಲಿ ರೋಡು ಹಳ್ಳ ಬಿದ್ರೆ ಹಿಂಗೇ ಡೆಬ್ರಿ ಹಾಕೋದು. ನಮ್ಮಪ್ಪನ ಕಾಲದಿಂದ."

"ನಿಮ್ಮಪ್ಪನ ಕಾಲದಿಂದ ಹಾಕ್ತಾನೇ ಇದೀರಲ್ಲ, ಹಳ್ಳ ಮುಚ್ತಾ?"

ಮೋಹನ್ ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ ಸಾರ್. ಪ್ರತಿವರ್ಷ ಹಾಕ್ಬೇಕು."

ಮಂಗಳವಾರ ಮಳೆ ಹಿಡಿಯಿತು. ಪಕ್ಕಕ್ಕೆ ಇಳಿಯಲು ದಾರಿ ಕಾಣದ ನೀರು ಇಟ್ಟಿಗೆಯ ಎರಡೂ ಬದಿಯ ಮಣ್ಣನ್ನು ಕೊರೆದು, ಮೊಣಕಾಲುದ್ದದ ಎರಡು ಕೊರಕಲು ಮಾಡಿ, ದೊಡ್ಡಣ್ಣನ ತೋಟದ ಮೂರು ಸಾಲು ಸೇವಂತಿಗೆಯನ್ನು ಹೂತುಹಾಕಿತು. ಇಟ್ಟಿಗೆ ಹೊರಲು ಬನ್ನಿ ಎಂದು ವಚನಾ ಗುಂಪಿಗೆ ಬರೆದಾಗ ಐವತ್ತು ಜನ ಹೆಬ್ಬೆರಳೆತ್ತಿದರು; ಐದು ಜನ ಬಂದರು. ಆ ಐವರಲ್ಲಿ ಮೋಹನ್ ಒಬ್ಬ. ಸತತ ಮೂರು ಭಾನುವಾರ ತನ್ನ ಮನೆಯನ್ನೇ ಬಾಂಡ್ಲಿ ಬಾಂಡ್ಲಿಯಾಗಿ ಹೊತ್ತು ವಾಪಸು ಇಳಿಸಿದ.

ನಾಲ್ಕನೆಯ ಭಾನುವಾರ ಗುಡ್ಡದ ಬುಡದಲ್ಲಿ ಹೊಸ ಫಲಕ ನಿಂತಿತ್ತು: ಜೂನ್‌ನಿಂದ ನವೆಂಬರ್‌ವರೆಗೆ ಸೈಕಲ್‌ಗಳಿಗೆ ಪ್ರವೇಶವಿಲ್ಲ. "ಯಾರೋ ಅರ್ಜಿ ಕೊಟ್ಟವ್ರೆ ಮೇಡಂ. ಮುಂದಿನ ವರ್ಷ ಪೂರ್ತಿ ಮುಚ್ಚಿದ್ರೂ ಮುಚ್ಚಬೋದು" ಎಂದ ಕಾವಲುಗಾರ.

ಯಾರೆಂದು ಗುಂಪು ಐದು ನಿಮಿಷದಲ್ಲಿ ತೀರ್ಮಾನಿಸಿತು. ವಚನಾ ನೇರವಾಗಿ ತೋಟಕ್ಕೆ ನಡೆದಳು. ನಾಗಭೂಷಣ್ ಗುದ್ದಲಿ ಹೊತ್ತು ಹಿಂದೆ ಬಂದರು.

"ದೊಡ್ಡಣ್ಣ, ಅರ್ಜಿ ಕೊಡೋ ಮುಂಚೆ ನಮ್ಮನ್ನ ಒಂದು ಮಾತು ಕೇಳ್ಬಹುದಿತ್ತಲ್ವಾ?"

"ನಾನ್ಯಾಕವ್ವ ಅರ್ಜಿ ಬರೀಲಿ? ನಂಗೆ ಕ್ವಾಪ ಬಂದ್ರೆ ಎದ್ರಿಗೇ ಬೈತೀನಿ. ಹೋದ ವಾರ ಬೈಲಿಲ್ವಾ?"

ಬೈದಿದ್ದ, ಹದಿನೈದು ನಿಮಿಷ. ತೊಟ್ಟಿಯಲ್ಲಿ ಗುದ್ದಲಿ ತೊಳೆಯುತ್ತಿದ್ದ ನಾಗಭೂಷಣ್ "ಬೈದಿದ್ದು ಸರಿಯಾಗೇ ಇತ್ತು" ಎಂದಷ್ಟೇ ಹೇಳಿದರು. ವಚನಾ ನಂಬಲಿಲ್ಲ. ಅರ್ಜಿದಾರರ ಹೆಸರು ಬೇಕೆಂದು ಮಾಹಿತಿ ಹಕ್ಕಿನಡಿ ಅಂದೇ ಬರೆದು ಹಾಕಿದಳು. ಜಾಡನ್ನು ಕೂಡಲೇ ತೆರೆಯಬೇಕೆಂಬ ಮನವಿಯನ್ನೂ ಸಿದ್ಧಪಡಿಸಿ, ತಿದ್ದಿಕೊಡಲು ನಾಗಭೂಷಣ್ ಕೈಗಿತ್ತಳು. ಅವರು "ಕೂಡಲೇ" ಎಂಬುದನ್ನು ಹೊಡೆದುಹಾಕಿ "ಡಿಸೆಂಬರ್‌ನಲ್ಲಿ ತಪ್ಪದೆ" ಎಂದು ಬರೆದರು.

"ಸಾರ್, ನೀವು ಯಾರ ಕಡೆ?"

"ಮಣ್ಣಿನ ಕಡೆ ಅಂದ್ರೆ ನಾಟಕದ ಮಾತಾಗುತ್ತೆ. ಸಹಿ ಎಲ್ಲಿ ಹಾಕ್ಲಿ, ಹೇಳು."

"ನೀವು ಹಾಕೋದೇ ಬೇಡ ಬಿಡಿ."

ಅವಳು "ಕೂಡಲೇ" ಪದವನ್ನು ಮತ್ತೆ ಸೇರಿಸಿ, ಅವರ ಸಹಿ ಇಲ್ಲದೆ ಮನವಿ ಕಳಿಸಿದಳು. ಅದಕ್ಕೆ ಉತ್ತರ ಬರಲಿಲ್ಲ. ನಾಲ್ಕು ತಿಂಗಳು ಅವರ ಜೊತೆ ಸರಿಯಾಗಿ ಮಾತಾಡಲೂ ಇಲ್ಲ. ಸವಾರರಿಲ್ಲದ ಗುಡ್ಡಕ್ಕೆ ಅವರು ಮಾತ್ರ ಎರಡು ಬಸ್ಸು ಬದಲಿಸಿ ಹೋಗುತ್ತಲೇ ಇದ್ದರೆಂದು ದೊಡ್ಡಣ್ಣನಿಂದ ತಿಳಿಯಿತು. ಅದನ್ನು ಕೇಳಿಯೂ ಅವಳಿಗೆ ಸಿಟ್ಟೇ ಬಂತು.

ಡಿಸೆಂಬರ್ ಮೊದಲ ಭಾನುವಾರ ಜಾಡು ತೆರೆಯಿತು. ಕೊರಕಲುಗಳ ಅಂಚಿಗೆ ಹುಲ್ಲು ಕಟ್ಟಿಕೊಂಡಿತ್ತು, ಒಂಬತ್ತು ಕಾಲುವೆಗಳೂ ಗಟ್ಟಿಯಾಗಿದ್ದವು. ಇಷ್ಟು ಚೆನ್ನಾಗಿದ್ದ ಜಾಡನ್ನು ವಚನಾ ಹಿಂದೆಂದೂ ಇಳಿದಿರಲಿಲ್ಲ. ಕೆಳಗೆ ಬಂದು ಸೈಕಲ್ ನಿಲ್ಲಿಸಿ, ಸೋಲೊಪ್ಪುವ ದನಿಯಲ್ಲಿ ಹೇಳಿದಳು.

"ಮುಚ್ಚಿದ್ದೇ ಒಳ್ಳೇದಾಯ್ತು ಅನ್ಸುತ್ತೆ ಸಾರ್."

"ಈ ಸಲ ಹಿಂಗಾರೂ ಕಮ್ಮಿ ಇತ್ತು" ಎಂದರು ನಾಗಭೂಷಣ್. "ಒಂದು ರೀಡಿಂಗ್ ಇಟ್ಕೊಂಡು ಗ್ರಾಫ್ ಎಳೀಬೇಡ."

ತಾನು ಒಪ್ಪಿಕೊಂಡರೂ ಒಪ್ಪದ ಈ ಮನುಷ್ಯನನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಎರಡನೆಯ ರೀಡಿಂಗಿಗೆ ಅವರಿರಲಿಲ್ಲ. ಫೆಬ್ರವರಿಯ ಒಂದು ಗುರುವಾರ, ಮನೆಯಲ್ಲೇ, ಹೃದಯ ನಿಂತು ತೀರಿಕೊಂಡರು. ವಯಸ್ಸು ಅರವತ್ತೊಂಬತ್ತು.

ಮೂವತ್ತು ದಿನದಲ್ಲಿ ಬರಬೇಕಾದ ಮಾಹಿತಿ ಹಕ್ಕಿನ ಉತ್ತರ ಮಾರ್ಚ್‌ನಲ್ಲಿ ಬಂತು. ಇಬ್ಬರು ರೋಗಿಗಳ ನಡುವೆ, ಕೈಗವಸು ಕಳಚಿ, ವಚನಾ ಲಕೋಟೆ ಒಡೆದಳು. ಒಳಗಿದ್ದದ್ದು ಒಂದು ಅರ್ಜಿಯ ನಕಲಲ್ಲ, ನಾಲ್ಕರದು. ಮೊದಲನೆಯದು ಏಳು ವರ್ಷ ಹಿಂದಿನದು, ಕೊನೆಯದು ಇಟ್ಟಿಗೆ ಹರಡಿದ ಮರುವಾರದ್ದು. ಮಳೆಗಾಲದಲ್ಲಿ ಜಾಡನ್ನು ಮುಚ್ಚಬೇಕೆಂದು ಕೋರಿದ ಆ ನಾಲ್ಕರ ಕೆಳಗೂ ಇದ್ದದ್ದು ಕೆ. ಎಚ್. ನಾಗಭೂಷಣ್ ಎಂಬ ಒಂದೇ ಸಹಿ.