ಕಾರಿನ ಮೂತಿಯ ಮೇಲಿನ ಗೂನು

ನಮ್ಮನೆಯವರು ರೇಸ್ ಕಾರಿನ ಫಿಟ್ಟರ್. ಅದೇ ಶೆಡ್ಡಿನಲ್ಲಿ ನಾನು ಸೀಟು ಹೊಲಿಯುತ್ತಿದ್ದೆ. ಅವರು ಬಾಯಿ ತೆರೆದರೆ ಸಾಕು, ಸ್ಪ್ರಿಂಗಿನ ಮಾತು. ಊಟಕ್ಕೆ ಕೂತಾಗಲೂ ಚಮಚ ಓರೆಯಾಗಿ ಹಿಡಿದು ಮಗಳಿಗೆ ಪಾಠ.

"ನೋಡು ಪುಟ್ಟಿ, ಚಕ್ರಕ್ಕೂ ಸ್ಪ್ರಿಂಗಿಗೂ ನಡುವೆ ಒಂದು ಓರೆ ಸರಳು. ಪುಶ್ ರಾಡ್ ಅಂದ್ರೆ ಚಕ್ರದ ಕೆಳಭಾಗದಿಂದ ಮೇಲಕ್ಕೆ ಹೋಗುತ್ತೆ. ಉಬ್ಬು ಸಿಕ್ಕಿ ಚಕ್ರ ಎದ್ರೆ, ಮೇಲಿರೋ ಸ್ಪ್ರಿಂಗನ್ನ ತಳ್ಳುತ್ತೆ. ಪುಲ್ ರಾಡ್ ಉಲ್ಟಾ. ಚಕ್ರದ ಮೇಲ್ಭಾಗದಿಂದ ಕೆಳಕ್ಕಿಳಿಯುತ್ತೆ. ಚಕ್ರ ಎದ್ರೆ ತಳದಲ್ಲಿರೋ ಸ್ಪ್ರಿಂಗನ್ನ ಎಳೆಯುತ್ತೆ."

"ಊಟ ಆರ್ತಾ ಇದೆ, ಮೊದಲು ತಿನ್ನಿ" ಎಂದು ನಾನು ಗದರಿದರೆ ಅಪ್ಪ, ಮಗಳು ಇಬ್ಬರೂ ಕಿಸಕ್ಕನೆ ನಗುತ್ತಿದ್ದರು.

ಆ ಪುಟ್ಟಿ ಬೆಳೆದು, ಓದಿ, ನಮ್ಮ ಶೆಡ್ಡಿಗೇ ಡಿಸೈನರ್ ಆಗಿ ಬಂದಳು. ನಮ್ಮನೆಯವರನ್ನು ಹಿಡಿಯುವವರೇ ಇಲ್ಲ. "ಅವಳು ಬರೆದ ಗಾಡೀನ ಕೈಯಾರೆ ಜೋಡಿಸಿದ ಮೇಲೇ ನಾನು ಕೆಲಸ ಬಿಡೋದು" ಎಂದು ಕಂಡಕಂಡವರಿಗೆಲ್ಲ ಹೇಳಿದರು. ಆದರೆ ಅಷ್ಟರಲ್ಲಿ ಮಂಡಿಗಳು ಕೈಕೊಟ್ಟಿದ್ದವು. ನೆಲಕ್ಕೆ ಕೂತರೆ ಏಳಲಾಗದು. ಮಗಳಿಗೆ ಮಾತ್ರ ಹೇಳಕೂಡದಂತೆ! ಅವಳೆದುರು ಹುಲಿಯ ಹಾಗೆ ನಡೆಯುವುದು, ಮನೆಗೆ ಬಂದು ನನ್ನ ಹೆಗಲಿಗೆ ಜೋತುಬೀಳುವುದು.

ಮೊದಲ ಕಾರಿಗೆ ಅವಳು ಆರಿಸಿದ್ದು ಪುಲ್ ರಾಡ್. ಭಾರವೆಲ್ಲ ತಳದಲ್ಲಿದ್ದರೆ ತಿರುವಿನಲ್ಲಿ ಕಾರು ನೆಲ ಕಚ್ಚಿ ಓಡುತ್ತದೆ. ಮೂತಿಯನ್ನು ತೆಳ್ಳಗೆ, ತಗ್ಗಾಗಿ ಇಡಬಹುದು. ಗಾಳಿ ಸಲೀಸಾಗಿ ಹರಿಯುತ್ತದೆ. ಕಷ್ಟವೇನಿದ್ದರೂ ಫಿಟ್ಟರನದು. ಪುಶ್ ರಾಡ್ ಆದರೆ ಮೂತಿಯ ಮುಚ್ಚಳ ತೆಗೆದು ನಿಂತೇ ಸ್ಪ್ರಿಂಗ್ ಬದಲಿಸಬಹುದು. ಪುಲ್ ರಾಡಿಗೆ ನೆಲದಲ್ಲಿ ಅಂಗಾತ ಮಲಗಿ ಕೈ ತೂರಿಸಬೇಕು.

"ಆಗುತ್ತಾ ಅಪ್ಪ?" ಎಂದು ಅವಳು ಕೇಳಿದಳು.

"ಯಾರನ್ನ ಕೇಳ್ತಿದೀಯ ನೀನು!" ಎಂದರು ಮಹಾಶಯರು.

ನನಗೆ ಮೈಯೆಲ್ಲ ಉರಿಯಿತು. ಸುಮ್ಮನಿರಲು ನಾನೇನು ಕಲ್ಲೇ? ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿಬಿಟ್ಟೆ. ಅವಳು ನೆಟ್ಟಗೆ ತನ್ನ ನಕ್ಷೆಯ ಮೇಜಿಗೆ ಹೋದಳು.

ಬಿಡಿಭಾಗಗಳು ಬಂದ ದಿನ ನಮ್ಮನೆಯವರು ಹೊಸ ಅಂಗಿ ತೊಟ್ಟು ಹೊರಟರು. ಕಾರಿನ ಮೂತಿ ಮೇಜಿನ ಮೇಲಿತ್ತು. ಅದರ ಮೇಲೊಂದು ಗೂನು. ಅಷ್ಟು ತಗ್ಗಿನ ಮೂತಿಯಲ್ಲಿ ಸ್ಪ್ರಿಂಗನ್ನು ಮೇಲೆ ಕೂರಿಸಿದರೆ ಗೂನು ಬರದೆ ಇನ್ನೇನು? ಅವರು ಅದರ ಮೇಲೆ ಕೈಯಾಡಿಸಿದರು. ಮುಖ ಕಪ್ಪಿಟ್ಟಿತು.

"ಪುಶ್ ರಾಡ್ ಯಾಕೆ ಮಾಡಿದೆ?"

"ಸುಮ್ನೆ ಅಪ್ಪ. ಇದೂ ಚೆನ್ನಾಗೇ ಓಡುತ್ತೆ."

"ನನ್ನ ಮಂಡಿಗೋಸ್ಕರ ನಿನ್ನ ಗಾಡಿ ಕೆಡಿಸಿದ್ಯಾ?"

"ನೀವು ಜೋಡಿಸದೇ ಇದ್ರೆ ಆ ಗಾಡಿ ನನಗ್ಯಾಕೆ?" ಮಗಳು ಎಲ್ಲರೆದುರು ಅತ್ತಳು.

ಅವರು ಸೀದಾ ಶೆಡ್ಡಿನ ಯಜಮಾನರ ಕೋಣೆಗೆ ಹೋಗಿ ಕೆಲಸ ಬಿಟ್ಟು ಬಂದರು. ಹಠಕ್ಕೆ ಬಿದ್ದರೆ ಬ್ರಹ್ಮ ಬಂದು ಹೇಳಿದರೂ ಕೇಳುವವರಲ್ಲ. ಮಗಳು ಗೂನು ತೆಗೆದು ಮತ್ತೆ ಪುಲ್ ರಾಡ್ ಬರೆದಳು, ಅಪ್ಪನ ಜೊತೆ ಮಾತು ಬಿಟ್ಟಳು. ಜೋಡಿಸಲು ಹೊಸ ಫಿಟ್ಟರ್ ಬಂದ. ಇಬ್ಬರ ನಡುವೆ ಸಿಕ್ಕಿ ನಾನು ಹಣ್ಣಾದೆ.

ಒಂದು ಮಧ್ಯಾಹ್ನ ಅವರು, "ಸೀಟಿನ ಸ್ಪಂಜು ಉಳಿದಿದ್ಯೇನೇ?" ಎಂದರು.

"ಯಾಕೆ?"

"ಆ ಹೊಸಬನಿಗೆ ಒಂದು ಹಾಸಿಗೆ ಹೊಲಿದುಕೊಡು. ಶೆಡ್ಡಿನ ನೆಲ ಸೊಂಟಕ್ಕೆ ಒಳ್ಳೇದಲ್ಲ."

ಇವರ ಜಾಗದಲ್ಲಿ ಬಂದು ಕೂತವನಿಗೆ ನಾನು ಹಾಸಿಗೆ ಹೊಲಿಯಬೇಕಂತೆ! ಬೈದುಕೊಂಡೇ ಹೊಲಿದೆ. ಕಣ್ಣು ಮಂಜಾಗಿ ಬೆರಳಿಗೆ ಸೂಜಿ ಚುಚ್ಚಿಕೊಂಡೆ.

ಅಳತೆ ನೋಡುತ್ತೇನೆಂದು ಅವರು ಗೋಡೆ ಹಿಡಿದು ನಡುಮನೆಯ ನೆಲಕ್ಕಿಳಿದು, ಹಾಸಿಗೆಯ ಮೇಲೆ ತಾವೇ ಅಂಗಾತ ಮಲಗಿದರು. ಎರಡೂ ಕೈ ಮೇಲೆತ್ತಿ, ಇಲ್ಲದ ಸ್ಪ್ಯಾನರಿನಿಂದ ಇಲ್ಲದ ಬೋಲ್ಟನ್ನು ತಿರುಗಿಸತೊಡಗಿದರು. ಒಂದು ಬದಿ ಮುಗಿಸಿ ಇನ್ನೊಂದು ಬದಿ. ಮಗಳು ಯಾವಾಗ ಬಂದಳೋ, ಬಾಗಿಲಲ್ಲಿ ನಿಂತಿದ್ದಳು.

"ಎಡಗಡೇದು ಇನ್ನೊಂದು ಸುತ್ತು ಬಿಗಿ ಮಾಡಿ, ಅಪ್ಪ" ಎಂದಳು.

ಅವರು ಇನ್ನೊಂದು ಸುತ್ತು ಬಿಗಿ ಮಾಡಿದರು. ಆಮೇಲೆ ಕೈಗಳನ್ನು ಎದೆಯ ಮೇಲಿಟ್ಟುಕೊಂಡು, "ಏಳೋಕಾಗ್ತಿಲ್ಲ ಪುಟ್ಟಿ" ಎಂದರು.